ದೀಪಾವಳಿಗೆ ಮುಂಚಿನ ಇಪ್ಪತ್ತು ದಿನ



ಮೈಸೂರಿನಲ್ಲಿ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುವುದನ್ನು ನೀವು ನೋಡಿರುತ್ತೀರಿ, ಇಲ್ಲವೇ ಇದೇ ರೇಡಿಯೊದ ವೀಕ್ಷಕ ವಿವರಣೆಯಲ್ಲಿ ಕೇಳಿರುತ್ತೀರಿ. ಏಳು ಫಿರಂಗಿ, ಒಂದೊಂದಕ್ಕೂ ಮೂರು ಸುತ್ತು. ರಾಷ್ಟ್ರಗೀತೆ ಮುಗಿಯುವಷ್ಟರಲ್ಲಿ ಅಷ್ಟೂ ಸಿಡಿದಿರಬೇಕು. ನೆಲ ಅದುರಿಸುವ ಆ ಸದ್ದಿಗೆ ಅಭಿಮನ್ಯುವಿನಂಥ ಹಳೆಯ ಆನೆ ಕದಲುವುದಿಲ್ಲ. ಅದು ಹುಟ್ಟಿನಿಂದ ಬಂದ ಧೈರ್ಯವಲ್ಲ. ದಸರೆಗೆ ಮುಂಚೆಯೇ ಆನೆ ಕುದುರೆಗಳಿಗೆಲ್ಲ ಸಿಡಿಮದ್ದಿನ ತಾಲೀಮು ನಡೆಯುತ್ತದೆ, ಅದೂ ಒಂದು ಸಲವಲ್ಲ. ಹೊಸದಾಗಿ ಕಾಡಿನ ಶಿಬಿರದಿಂದ ಬಂದ ಆನೆ ಮೊದಲ ತಾಲೀಮಿನಲ್ಲಿ ಬೆಚ್ಚುತ್ತದೆ, ಹಿಂದೆ ಸರಿಯುತ್ತದೆ, ಘೀಳಿಡುತ್ತದೆ. ಮಾವುತ, ಕಾವಾಡಿಗರು ಮೈಸವರುತ್ತ ಪಕ್ಕದಲ್ಲೇ ನಿಂತಿರುತ್ತಾರೆ. ಮುಂದಿನ ತಾಲೀಮುಗಳಲ್ಲಿ ಬೆಚ್ಚುವುದು ಕಡಿಮೆಯಾಗುತ್ತ ಬರುತ್ತದೆ. ವಿಜಯದಶಮಿಯಂದು ಲಕ್ಷಾಂತರ ಜನರ ನಡುವೆ ಆ ಆನೆ ಗಾಬರಿಬೀಳದಿರಲು ಕಾರಣ ಈ ಸಿದ್ಧತೆ.

ವಿಜಯದಶಮಿಯಿಂದ ದೀಪಾವಳಿ ಅಮಾವಾಸ್ಯೆಗೆ ಇಪ್ಪತ್ತು ದಿನ. ಆನೆಗೆ ಮಾಡಿದ ಸಿದ್ಧತೆಯ ಒಂದು ಪಾಲನ್ನಾದರೂ ಮನೆಯ ನಾಯಿಗೆ ಮಾಡಿಕೊಡಲು ನಮಗೆ ಸಿಗುವ ಸಮಯ ಅದು. ಆದರೆ ಹೆಚ್ಚಿನ ಮನೆಗಳಲ್ಲಿ ನಾಯಿಯ ನೆನಪಾಗುವುದು ನರಕ ಚತುರ್ದಶಿಯ ಬೆಳಗಿನ ಜಾವ, ಎಣ್ಣೆಸ್ನಾನ ಮುಗಿಸಿದ ಮಕ್ಕಳು ಅಂಗಳದಲ್ಲಿ ಮೊದಲ ಪಟಾಕಿ ಹಚ್ಚಿದ ಮೇಲೆಯೇ. ಪಶುವೈದ್ಯನಾದ ನನಗೆ ಆ ಹೊತ್ತಿಗೆ ಫೋನು ಬರಲು ಶುರುವಾಗುತ್ತದೆ. “ಡಾಕ್ಟ್ರೇ, ರಾತ್ರಿಯಿಂದ ಮಂಚದ ಕೆಳಗೆ ಸೇರ್ಕೊಂಡಿದೆ, ಊಟಾನೂ ಮುಟ್ಟಿಲ್ಲ.” “ಸಾರ್, ಗೇಟು ಹಾರಿ ಹೋದದ್ದು ಇನ್ನೂ ಬಂದಿಲ್ಲ.” “ಏನಾದ್ರೂ ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ.” ಆ ಹೊತ್ತಿನಲ್ಲಿ ನಾನು ಮಾಡಬಹುದಾದದ್ದು ಸ್ವಲ್ಪವೇ. ಹಾಗಾಗಿ ಅಂದು ಹೇಳಬೇಕಾದ ಮಾತನ್ನು ಇಂದೇ ಹೇಳುತ್ತಿದ್ದೇನೆ.

ನಾಯಿಗೆ ಪಟಾಕಿಯ ಸದ್ದು ಹೇಗೆ ಕೇಳಿಸುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸ್ವರವನ್ನು ಹಿಡಿಯುತ್ತದೆ. ನಾಯಿಯ ಕಿವಿ ಸುಮಾರು 45,000ದವರೆಗೆ ಹೋಗುತ್ತದೆ. ರಾಕೆಟ್ಟು ಮೇಲೇರುವಾಗ ಬರುವ ಸಿಳ್ಳಿನಲ್ಲಿ ನಮಗೆ ಕೇಳದ ಸ್ವರಗಳೂ ಅದಕ್ಕೆ ಕೇಳುತ್ತವೆ. ಇನ್ನು ತೀವ್ರತೆಯ ಮಾತು. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿಯನ್ನು ತಯಾರಿಸುವುದಾಗಲಿ ಮಾರುವುದಾಗಲಿ ಕೂಡದೆಂದು 1999ರಿಂದ ನಿಯಮವಿದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಿಯಮದ ಮಿತಿಯೊಳಗೇ ಇರುವ ಪಟಾಕಿಯ ಸದ್ದು 8 ಮೀಟರಿನಲ್ಲಿ 119, 16 ಮೀಟರಿನಲ್ಲಿ 113, 32 ಮೀಟರಿನಲ್ಲಿ 107 ಡೆಸಿಬೆಲ್ ಇರಬಹುದು. ಮೂರು ಮನೆ ಆಚೆ ಹಚ್ಚಿದರೂ ಸದ್ದು ಇಷ್ಟು. ಎರಡೂ ಕಡೆ ಗೋಡೆಗಳಿರುವ ಓಣಿಯಲ್ಲಿ ಅದು ಇಷ್ಟೂ ಇಳಿಯದೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ.

ಹೀಗಿದ್ದರೂ ಬರಿಯ ಜೋರು ಸದ್ದಿನಿಂದಲೇ ನಾಯಿ ಕಂಗೆಡುವುದಿಲ್ಲ. ಲಾರಿಯ ಹಾರನ್ನಿನ ಪಕ್ಕದಲ್ಲೇ ಅದು ಮಲಗಿ ನಿದ್ರೆ ಮಾಡೀತು. ಪಟಾಕಿಗೆ ಮುನ್ಸೂಚನೆಯಿಲ್ಲ. ಎಲ್ಲಿಂದ ಬಂತೆಂದು ತಿರುಗುವಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಮತ್ತೊಂದು ಬರುತ್ತದೆ. ಜೊತೆಗೆ ಬೆಳಕಿನ ಮಿಂಚು, ಗಂಧಕದ ಘಾಟು. ಯಾವ ಕಡೆ ಓಡಿದರೆ ಸುರಕ್ಷಿತ ಎಂಬ ಒಂದೇ ಒಂದು ಪ್ರಶ್ನೆಗೆ ಅದರ ಕಣ್ಣು, ಕಿವಿ, ಮೂಗು ಮೂರೂ ಉತ್ತರ ಕೊಡದೆ ಹೋಗುತ್ತವೆ. ನಮಗೆ ಹಬ್ಬ ಅಂತ ಗೊತ್ತು, ಹತ್ತು ಗಂಟೆಗೆ ನಿಲ್ಲುತ್ತದೆ ಅಂತ ಗೊತ್ತು. ನಾಯಿಗೆ ಅದು ಗೊತ್ತಿಲ್ಲ.

“ಇಷ್ಟು ದೊಡ್ಡ ನಾಯಿ, ಕಳ್ಳ ಬಂದ್ರೆ ಸೀಳಿಹಾಕತ್ತೆ, ಪಟಾಕಿಗೆ ಹೆದರತ್ತಲ್ಲ” ಎಂದು ನಾಚಿಕೊಂಡು ಹೇಳುವವರಿದ್ದಾರೆ. ಅದರಲ್ಲಿ ನಾಚುವಂಥದ್ದು ಏನೂ ಇಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಒಂದು ಶಾಸನ ಸಿಕ್ಕಿದೆ. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಕೊಟ್ಟ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು ಅದು. ದೇವಾಲಯದ ಮುಂದೆ ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟಿದ್ದರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಕಣ್ಣೆದುರಿನ ಹಂದಿಯ ಮೇಲೆ ನುಗ್ಗುವ ಎದೆಗಾರಿಕೆ ಬೇರೆ, ಕಾಣದ ಸ್ಫೋಟಕ್ಕೆ ಬೆಚ್ಚುವ ನರಮಂಡಲ ಬೇರೆ. ಎರಡೂ ಒಂದೇ ನಾಯಿಯಲ್ಲಿ ಇರಬಲ್ಲವು. ಸಾವಿರ ವರ್ಷದ ಹಿಂದೆ ನಾಯಿಯ ಶೌರ್ಯವನ್ನು ಗುರುತಿಸಿ ಕಲ್ಲು ನಿಲ್ಲಿಸಿದ ಜನರ ಮಕ್ಕಳು ನಾವು, ಅದರ ಭಯವನ್ನು ಗುರುತಿಸುವುದನ್ನೂ ಕಲಿಯಬೇಕು.

ಯಾಕೆಂದರೆ ಭಯ ಎಷ್ಟೋ ಸಲ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಿಮ್ಮ ನಾಯಿ ಸದ್ದಿಗೆ ಹೆದರುತ್ತದೆಯೇ ಎಂದು ಕೇಳಿದಾಗ ನಾಲ್ವರಲ್ಲಿ ಒಬ್ಬರು ಮಾತ್ರ ಹೌದೆಂದರು. ನಡುಗುತ್ತದೆಯೇ, ಅಡಗುತ್ತದೆಯೇ, ಬೊಗಳುತ್ತದೆಯೇ, ನಿಮ್ಮನ್ನೇ ಅಂಟಿಕೊಂಡಿರುತ್ತದೆಯೇ ಎಂದು ಒಂದೊಂದನ್ನೇ ಬಿಡಿಸಿ ಕೇಳಿದಾಗ ಸುಮಾರು ಅರ್ಧದಷ್ಟು ಮನೆಗಳಲ್ಲಿ ಒಂದಾದರೂ ಲಕ್ಷಣ ಹೊರಬಂತು. ಬಾಲ ಕಾಲ ಸಂದಿಗೆ ಸೇರಿದರೆ, ಮೈ ನಡುಗಿದರೆ ಯಾರಿಗಾದರೂ ತಿಳಿಯುತ್ತದೆ. ಸೆಕೆಯಿಲ್ಲದೆ ತೇಕುವುದು, ತಿನ್ನಲು ಏನೂ ಇಲ್ಲದಿದ್ದರೂ ಮತ್ತೆ ಮತ್ತೆ ತುಟಿ ನೆಕ್ಕುವುದು, ನಿದ್ದೆ ಬಾರದ ಆಕಳಿಕೆ, ಕಿವಿ ಹಿಂದಕ್ಕೆ ಮಡಚಿ ಕಣ್ಣಿನ ಬಿಳಿ ಕಾಣಿಸುವುದು, ಪ್ರೀತಿಯ ತಿನಿಸನ್ನೂ ಮೂಸಿ ಬಿಡುವುದು, ಒಂದೇ ಕಡೆ ನಿಲ್ಲದೆ ಮನೆಯೆಲ್ಲ ಸುತ್ತುವುದು ಇವೂ ಭಯದ ಗುರುತುಗಳೇ. ಸದ್ದಾದ ಕಡೆಗೆ ನುಗ್ಗಿ ಬೊಗಳುವ ನಾಯಿಯನ್ನು ಧೈರ್ಯಶಾಲಿ ಅಂದುಕೊಳ್ಳುತ್ತೇವೆ. ಅದು ಹೆದರಿರುವ ಸಾಧ್ಯತೆಯೇ ಹೆಚ್ಚು.

ಮೈಯೊಳಗೆ ಆಗುವುದು ಇನ್ನೂ ಗಂಭೀರ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಡುಗಿಗೆ ಹೆದರುವ ನಾಯಿಗಳಿಗೆ ಗುಡುಗು ಮಳೆಯ ಧ್ವನಿಮುದ್ರಣವನ್ನು ಕೇಳಿಸಿ, ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅದು ಶೇಕಡ 207ರಷ್ಟು ಏರಿತ್ತು, 40 ನಿಮಿಷ ಕಳೆದರೂ ಮೊದಲಿನ ಮಟ್ಟಕ್ಕೆ ಇಳಿದಿರಲಿಲ್ಲ. ನಮ್ಮ ಹಬ್ಬ ಒಂದು ರಾತ್ರಿಯದ್ದಲ್ಲ. ಚತುರ್ದಶಿಯ ಬೆಳಗಿನ ಜಾವ, ಅಮಾವಾಸ್ಯೆಯ ಲಕ್ಷ್ಮೀಪೂಜೆ, ಬಲಿಪಾಡ್ಯಮಿಯ ಸಂಜೆ ಎಂದು ಮೂರು ದಿನ ಪಟಾಕಿಯ ಮೇಲೆ ಪಟಾಕಿ. ಮೊದಲ ದಿನದ ಗಾಬರಿ ಇಳಿಯುವ ಮೊದಲೇ ಎರಡನೆಯದು ಅದರ ಮೇಲೆ ಕೂರುತ್ತದೆ. “ಮೊದಲ ದಿನ ಸುಮ್ಮನಿತ್ತು, ಮೂರನೇ ದಿನ ಏನಾಯಿತೋ” ಎಂದು ಕೇಳುವವರಿಗೆ ಉತ್ತರ ಇದೇ. ಕಟ್ಟಿಹಾಕಿ ಪಟಾಕಿ ತೋರಿಸಿದರೆ ಅಭ್ಯಾಸವಾಗುತ್ತದೆ ಎನ್ನುವ ಮಾತೂ ಇಲ್ಲೇ ಸುಳ್ಳಾಗುವುದು. ತಪ್ಪಿಸಿಕೊಳ್ಳಲಾರದ ಕಡೆ ಮತ್ತೆ ಮತ್ತೆ ಹೆದರಿಸಿದರೆ ಭಯ ಬಲಿಯುತ್ತದೆಯೇ ಹೊರತು ಕರಗುವುದಿಲ್ಲ.

ಹಾಗಾದರೆ ಅಭ್ಯಾಸ ಆಗುವುದು ಹೇಗೆ? ನಿಮ್ಮ ಅಡುಗೆಮನೆಯಲ್ಲೇ ಒಂದು ನಿದರ್ಶನವಿದೆ. ಕುಕ್ಕರಿನ ಸೀಟಿ ಕಿವಿಗೆ ಚುಚ್ಚುವ ಸದ್ದು, ಹೇಳದೆ ಕೇಳದೆ ಬರುತ್ತದೆ. ಮರಿಯಾಗಿದ್ದಾಗ ನಿಮ್ಮ ನಾಯಿ ಅದಕ್ಕೆ ಬೆಚ್ಚಿತ್ತು. ಈಗ ಸೀಟಿ ಕೂಗಿದರೆ ಬಾಲ ಅಲ್ಲಾಡಿಸುತ್ತ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂರುತ್ತದೆ. ಸೀಟಿಯ ಹಿಂದೆ ಅನ್ನ ಬರುತ್ತದೆಂದು ಅದಕ್ಕೆ ತಿಳಿದಿದೆ. ಪಟಾಕಿಯ ಸದ್ದಿನ ಹಿಂದೆಯೂ ಇಂಥದ್ದೇ ಒಳ್ಳೆಯದೊಂದು ಬರುವಂತೆ ಮಾಡುವುದೇ ನಮ್ಮ ತಾಲೀಮು.

ಇದಕ್ಕೆ ಬೇಕಾದದ್ದು ಪಟಾಕಿ ಸದ್ದಿನ ಒಂದು ಧ್ವನಿಮುದ್ರಣ ಮತ್ತು ನಾಯಿಗೆ ತುಂಬ ಇಷ್ಟವಾದ ತಿನಿಸು. ಬೇಯಿಸಿದ ಕೋಳಿಯ ಚೂರೋ ಪನೀರೋ ಮೊಟ್ಟೆಯೋ ಆದೀತು, ದಿನವೂ ಸಿಗದ್ದಾಗಿರಬೇಕು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ‘ಢಂ’ ಎನ್ನುವ ತಗ್ಗಿನ ಸ್ವರ ಸರಿಯಾಗಿ ಹೊರಡುವುದಿಲ್ಲ, ಟಿವಿಗೋ ದೊಡ್ಡ ಸ್ಪೀಕರಿಗೋ ಜೋಡಿಸಿಕೊಳ್ಳಿ. ಮೊದಲ ದಿನ ಸದ್ದು ಎಷ್ಟು ಸಣ್ಣದಿರಬೇಕೆಂದರೆ ನಾಯಿ ಒಂದು ಕಿವಿ ಅಲುಗಿಸಿ ಸುಮ್ಮನಾಗಬೇಕು. ಸದ್ದು ಬಂದ ಕೂಡಲೇ ಒಂದು ಚೂರು ಕೊಡಿ. ಸದ್ದು ಮೊದಲು, ತಿನಿಸು ಆಮೇಲೆ. ಈ ಕ್ರಮ ತಿರುಗುಮುರುಗಾದರೆ ತಿನಿಸು ಕಂಡರೇ ನಾಯಿ ಅನುಮಾನಪಡಲು ಶುರುಮಾಡುತ್ತದೆ. ಐದು ನಿಮಿಷ ಸಾಕು, ದಿನಕ್ಕೆ ಎರಡು ಸಲ. ಸದ್ದು ಕೇಳಿದೊಡನೆ ಅದು ನಿಮ್ಮ ಕೈಯನ್ನೇ ನೋಡುವಂತಾದ ಮೇಲೆ ತುಸುವೇ ಏರಿಸಿ. ತೇಕಿದರೆ, ಎದ್ದು ಹೋದರೆ, ತಿನ್ನದಿದ್ದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ. ಮತ್ತೆ ಇಳಿಸಿ. ಒಂದೇ ಕೋಣೆಯಲ್ಲಿ ಮಾಡಬೇಡಿ. ಹಾಲಿನಲ್ಲಿ, ಮಹಡಿಯಲ್ಲಿ, ಮನೆಯ ಬೇರೆ ಬೇರೆಯವರ ಕೈಯಿಂದ ಆಗಲಿ.

ಮೊದಲೇ ವಿಪರೀತ ಹೆದರುವ ನಾಯಿಗೆ ಈ ಇಪ್ಪತ್ತು ದಿನ ಸಾಲುವುದಿಲ್ಲ. ಅದಕ್ಕೆ ತಿಂಗಳುಗಳೇ ಬೇಕು, ಆ ಕೆಲಸವನ್ನು ಪಟಾಕಿಯ ಸದ್ದೇ ಇಲ್ಲದ ದಿನಗಳಲ್ಲಿ ನಿಧಾನವಾಗಿ ಮಾಡಬೇಕು. ಆದರೆ ಹಬ್ಬದ ರಾತ್ರಿಗೆ ಉಪಯೋಗವಾಗುವ ಇದರದ್ದೇ ಒಂದು ಸರಳ ರೂಪವಿದೆ. ಹೊರಗೆ ನಿಜವಾದ ಪಟಾಕಿ ಸಿಡಿದಾಗಲೆಲ್ಲ, ಒಂದನ್ನೂ ಬಿಡದೆ, ಒಂದು ಚೂರು ತಿನಿಸು ಕೊಡುವುದು, ಇಲ್ಲವೇ ಚೆಂಡು ಎಸೆಯುವುದು. ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಅವರು 1,225 ನಾಯಿಗಳ ಒಡೆಯರಿಂದ ಮಾಹಿತಿ ಪಡೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾಡಿದವರಲ್ಲಿ ಶೇಕಡ 70ಕ್ಕೂ ಹೆಚ್ಚು ಜನ ಗುಣ ಕಂಡಿತೆಂದರು. ಧ್ವನಿಮುದ್ರಣದ ತರಬೇತಿ ಫಲಕೊಟ್ಟಿತೆಂದವರು ಶೇಕಡ 55, ಮೈಗೆ ಬಿಗಿಯಾಗಿ ಸುತ್ತುವ ಅಂಗಿ ಉಪಯೋಗಕ್ಕೆ ಬಂತೆಂದವರು ಶೇಕಡ 44. ಅಂಗಡಿಯಲ್ಲಿ ಸಿಗುವ ಗಿಡಮೂಲಿಕೆಯ ಶಾಂತಿದ್ರವ, ಸುಗಂಧದಂಥವುಗಳ ಬಗ್ಗೆ ಹಾಗೆ ಹೇಳಿದವರು ಮೂವರಲ್ಲಿ ಒಬ್ಬರ ಆಸುಪಾಸು ಮಾತ್ರ. ಸಾವಿರಾರು ರೂಪಾಯಿ ಸುರಿಯುವ ಮೊದಲು ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಎಲ್ಲಕ್ಕಿಂತ ಅಗ್ಗವಾದ ಉಪಾಯವೇ ಎಲ್ಲಕ್ಕಿಂತ ಹೆಚ್ಚು ಜನರಿಗೆ ಫಲ ಕೊಟ್ಟಿದೆ.

ಈ ತಾಲೀಮಿನ ಲಾಭ ಅತಿ ಹೆಚ್ಚು ಸಿಗುವುದು ಮರಿಗಳಿಗೆ. ಹುಟ್ಟಿದ ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ ಮರಿಯ ಮೆದುಳು ಜಗತ್ತಿನಲ್ಲಿ ಯಾವುದು ಸಹಜ, ಯಾವುದು ಅಪಾಯ ಎಂದು ತೀರ್ಮಾನಿಸುತ್ತಿರುತ್ತದೆ. ಮನೆಗೆ ಹೊಸ ಮರಿ ಬಂದಿದ್ದರೆ ಅದು ಹೆದರುವವರೆಗೆ ಕಾಯಬೇಡಿ, ಇಂದಿನಿಂದಲೇ ತಾಲೀಮು ಶುರುವಾಗಲಿ. ಹಾಗೆಯೇ ಇನ್ನೊಂದು ತುದಿಯ ಮಾತು. ಏಳೆಂಟು ದೀಪಾವಳಿ ಕಂಡೂ ಅಲ್ಲಾಡದ ನಾಯಿ ಈ ವರ್ಷ ಇದ್ದಕ್ಕಿದ್ದಂತೆ ಹೆದರತೊಡಗಿದರೆ, ಅದಕ್ಕೆ ಎಲ್ಲಾದರೂ ನೋವಿದೆಯೇ ಎಂದು ಪರೀಕ್ಷೆ ಮಾಡಿಸಿ. ಬೆಚ್ಚಿದಾಗ ಸ್ನಾಯು ಬಿಗಿಯುತ್ತದೆ, ಸವೆದ ಸೊಂಟವೋ ಮೊಣಕಾಲೋ ಚುರ್ರೆನ್ನುತ್ತದೆ, ಸದ್ದಿಗೂ ನೋವಿಗೂ ನಂಟು ಬೆಸೆದುಹೋಗುತ್ತದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಇಂಥ ನಾಯಿಗಳನ್ನು ವಿವರಿಸಿದೆ. ನೋವಿಗೆ ಔಷಧ ಕೊಟ್ಟ ಮೇಲೆ ಅವುಗಳ ಭಯವೂ ತಗ್ಗಿತು.

ಇನ್ನು ಔಷಧ. ಇದರಲ್ಲಿ ಎರಡು ಅತಿರೇಕಗಳಿವೆ. ಮಾತ್ರೆ ಅಂದರೇ ಪಾಪ ಅನ್ನುವವರು ಕೆಲವರು, ಹಬ್ಬದ ಸಂಜೆ ಮನೆಯಲ್ಲಿ ಅಜ್ಜಿಗೆ ತಂದಿಟ್ಟ ನಿದ್ರೆಮಾತ್ರೆಯನ್ನೇ ಬಾಯಿಗೆ ಹಾಕುವವರು ಕೆಲವರು. ಒಂದೆರಡು ಚಮಚ ಬ್ರಾಂದಿ ಕುಡಿಸುವ ಮನೆಗಳೂ ಇವೆ. ಮದ್ಯ ನಾಯಿಗೆ ವಿಷ, ದಯವಿಟ್ಟು ಹಾಗೆ ಮಾಡಬೇಡಿ. ಭಯವನ್ನೇ ತಗ್ಗಿಸುವ ಒಳ್ಳೆಯ ಔಷಧಗಳು ಈಗ ಪಶುವೈದ್ಯರ ಬಳಿ ಇವೆ. ಹಿಂದೆ ಬಹಳ ಬಳಸುತ್ತಿದ್ದ ಅಸೆಪ್ರೊಮಜೀನ್ ಎಂಬ ಔಷಧವೊಂದನ್ನೇ ಇದಕ್ಕೆ ಕೊಡುವುದು ತರವಲ್ಲ. ಅದು ಮೈಯನ್ನು ಮಲಗಿಸುತ್ತದೆ, ಭಯವನ್ನು ಮಲಗಿಸುವುದಿಲ್ಲ. ಏಳಲಾಗದೆ ಬಿದ್ದುಕೊಂಡ ನಾಯಿ ಒಳಗೊಳಗೇ ಎಲ್ಲವನ್ನೂ ಕೇಳುತ್ತಿರುತ್ತದೆ. ನೋಡುವವರಿಗೆ ಮಾತ್ರ ಶಾಂತವಾಗಿ ಕಾಣುತ್ತದೆ. ಹಾಗಾಗಿ ಈ ವಾರವೇ ನಿಮ್ಮ ಪಶುವೈದ್ಯರನ್ನು ಕಾಣಿ. ಹೃದಯ, ಮೂತ್ರಪಿಂಡ, ಮೂರ್ಛೆ ರೋಗದ ಇತಿಹಾಸವಿದ್ದರೆ ಹೇಳಿ. ಕೊಟ್ಟ ಔಷಧವನ್ನು ಹಬ್ಬಕ್ಕೆ ಮುಂಚೆ ಒಂದು ಸಾಮಾನ್ಯ ದಿನ ಕೊಟ್ಟು ನೋಡಲು ಹೇಳುತ್ತಾರೆ, ತಪ್ಪದೆ ನೋಡಿ. ಹಬ್ಬದ ದಿನ ಅದನ್ನು ಸದ್ದು ಶುರುವಾಗುವ ಮೊದಲೇ ಕೊಡಬೇಕು. ನಡುಕ ಹತ್ತಿದ ಮೇಲೆ ಕೊಟ್ಟ ಮಾತ್ರೆ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಹಬ್ಬದ ದಿನದ ಏರ್ಪಾಟಿಗೆ ಬರೋಣ. ಮನೆಯಲ್ಲಿ ಬೀದಿಯ ಗೋಡೆಗೆ ತಾಗದ, ಕಿಟಕಿ ಕಡಿಮೆ ಇರುವ ಒಂದು ಕೋಣೆ ಆರಿಸಿಕೊಳ್ಳಿ. ನಡುಮನೆಯ ಕೋಣೆಯೋ, ಉಗ್ರಾಣವೋ, ಮೆಟ್ಟಿಲ ಕೆಳಗಿನ ಜಾಗವೋ ಇರಬಹುದು. ನಾಯಿ ತಾನೇ ಬಚ್ಚಲುಮನೆಯನ್ನು ಆರಿಸಿಕೊಂಡರೆ ಅದೇ ಸರಿ, ಎಳೆದು ತರಬೇಡಿ. ಅದರ ಹಾಸಿಗೆ, ನೀರಿನ ಬಟ್ಟಲು, ನೀವು ಉಟ್ಟು ಬಿಟ್ಟ ಒಂದು ಹಳೆಯ ಸೀರೆಯೋ ಪಂಚೆಯೋ ಅಲ್ಲಿರಲಿ. ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆದು, ದೀಪ ಹಾಕಿಡಿ. ಒಳಗೆ ಬೆಳಕಿದ್ದರೆ ಹೊರಗಿನ ಮಿಂಚು ಎದ್ದು ಕಾಣುವುದಿಲ್ಲ. ಫ್ಯಾನು ತಿರುಗಲಿ, ರೇಡಿಯೊ ಹಾಡುತ್ತಿರಲಿ. ಆಕಾಶವಾಣಿಯಲ್ಲಿ ಮಾತಾಡುತ್ತಿದ್ದೇನೆಂದು ಈ ಮಾತು ಹೇಳುತ್ತಿಲ್ಲ. ಒಂದೇ ಸಮನೆ ಹರಿಯುವ ವೀಣೆ, ಕೊಳಲಿನ ನಾದವಾಗಲಿ ಮಾತಾಗಲಿ ಹೊರಗಿನ ಸದ್ದಿನ ಮೊನೆಯನ್ನು ಮಂದಮಾಡುತ್ತದೆ. ಆಶ್ರಯಧಾಮಗಳ ನಾಯಿಗಳಿಗೆ ಶಾಸ್ತ್ರೀಯ ಸಂಗೀತ ಕೇಳಿಸಿದಾಗ ಅವು ಹೆಚ್ಚು ಹೊತ್ತು ಮಲಗಿ ವಿಶ್ರಮಿಸಿದ್ದನ್ನು ಅಧ್ಯಯನಗಳು ದಾಖಲಿಸಿವೆ. ಆ ಕೋಣೆಯನ್ನು ಹಬ್ಬಕ್ಕೆ ಒಂದು ವಾರ ಮೊದಲಿನಿಂದ ಬಳಕೆಗೆ ತನ್ನಿ. ದಿನಾ ಒಂದು ಹೊತ್ತಿನ ಊಟ ಅಲ್ಲಿಯೇ ಆದರೆ ಆ ರಾತ್ರಿ ಅದು ಶಿಕ್ಷೆಯ ಕೋಣೆಯಾಗುವುದಿಲ್ಲ.

ಸಂಜೆ ಐದರೊಳಗೆ ದೂರದ ನಡಿಗೆ, ಮಲಮೂತ್ರ ಮುಗಿಯಲಿ. ಊಟವೂ ಬೇಗ ಆಗಲಿ. ಪಟಾಕಿ ಶುರುವಾದಾಗ ಒಂದು ಅಗಲ ತಟ್ಟೆಗೆ ಒಗ್ಗರಣೆಯಿಲ್ಲದ ಮೊಸರನ್ನವನ್ನು ತೆಳ್ಳಗೆ ಬಳಿದು ಮುಂದಿಡಿ. ನೆಕ್ಕುವ ಕೆಲಸವೇ ನಾಯಿಯನ್ನು ಸಮಾಧಾನಕ್ಕೆ ತರುತ್ತದೆ. ಹಬ್ಬದ ತಿಂಡಿ ಮಾತ್ರ ಬೇಡ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು, ಚಾಕೊಲೇಟು ಹೃದಯಕ್ಕೆ ಕೆಡುಕು, ಎಣ್ಣೆಯಲ್ಲಿ ಕರಿದ ಕಜ್ಜಾಯ ಮೇದೋಜೀರಕ ಗ್ರಂಥಿಯ ಉರಿಯೂತ ತರಬಹುದು.

ಹೆದರಿ ತೊಡೆಯ ಮೇಲೆ ಬಂದ ನಾಯಿಯನ್ನು ಮುದ್ದಿಸಿದರೆ ಅದರ ಭಯ ಹೆಚ್ಚುತ್ತದೆ, ಕಂಡೂ ಕಾಣದಂತಿರಬೇಕು ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಅದು ನಿಜವಲ್ಲ. ಭಯ ಒಂದು ಭಾವ, ಬಹುಮಾನಕ್ಕಾಗಿ ಮಾಡುವ ಆಟವಲ್ಲ. ಬಂದರೆ ಬರಗೊಡಿ, ಬೆನ್ನ ಮೇಲೆ ನಿಧಾನವಾಗಿ ಕೈಯಾಡಿಸಿ, ತಗ್ಗಿದ ದನಿಯಲ್ಲಿ ಮಾತಾಡಿ. ಬಾರದೆ ಮೂಲೆಯಲ್ಲಿರಲು ಬಯಸಿದರೆ ಅಲ್ಲೇ ಬಿಟ್ಟು ಪಕ್ಕದಲ್ಲಿ ಕೂತಿರಿ. ಗದರಬೇಡಿ, ಬಿಗಿದಪ್ಪಿ ಹಿಡಿಯಬೇಡಿ. ಮಕ್ಕಳಿಗೂ ಹೇಳಿ, ನಡುಗುತ್ತಿರುವ ನಾಯಿಯ ಮುಖದ ಹತ್ತಿರ ಮುಖ ಒಯ್ಯಬಾರದು. ಎಂದೂ ಕಚ್ಚದ ನಾಯಿಯೂ ಅಂಥ ಗಳಿಗೆಯಲ್ಲಿ ಕಚ್ಚೀತು. ಪಟಾಕಿ ಸಿಡಿಯುವಷ್ಟು ಹೊತ್ತು ಮನೆಯವರಲ್ಲಿ ಒಬ್ಬರು ಒಳಗೇ ಉಳಿಯುವುದಾದರೆ ಅದಕ್ಕಿಂತ ದೊಡ್ಡ ಔಷಧವಿಲ್ಲ.

ಆ ಮೂರು ದಿನ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ತಪ್ಪಿಸಿಕೊಂಡು ಹೋಗುವ ನಾಯಿಗಳು. ಗಾಬರಿಬಿದ್ದ ನಾಯಿ ದಾರಿ ನೋಡಿ ಓಡುವುದಿಲ್ಲ, ಸದ್ದಿನಿಂದ ದೂರ ಓಡುತ್ತದೆ. ಮುಧೋಳದಂಥ ಓಟದ ತಳಿಯಾದರಂತೂ ನೀವು ಚಪ್ಪಲಿ ಮೆಟ್ಟುವಷ್ಟರಲ್ಲಿ ಎರಡು ಬೀದಿ ದಾಟಿರುತ್ತದೆ. ಕತ್ತಲು, ವಾಹನ, ಗೊತ್ತಿಲ್ಲದ ಬೀದಿಯ ನಾಯಿಗಳು ಎಲ್ಲವೂ ಅಪಾಯವೇ. ಆದ್ದರಿಂದ ಗೇಟಿನ ಅಗುಳಿ, ಮಹಡಿಯ ಬಾಗಿಲು, ಬಾಲ್ಕನಿ ಎಲ್ಲವನ್ನೂ ಹಗಲಲ್ಲೇ ನೋಡಿಕೊಳ್ಳಿ. ಲಕ್ಷ್ಮೀಪೂಜೆಗೆ ತಲೆಬಾಗಿಲು ತೆರೆದಿಡುವ ಮನೆಗಳಲ್ಲಿ ನಾಯಿಯ ಕೋಣೆಯ ಬಾಗಿಲು ಮುಚ್ಚಿರಲಿ. ಸರಪಳಿ ಹಾಕಿ ಅಂಗಳದಲ್ಲಿ ಕಟ್ಟಬೇಡಿ. ಕಾಂಪೌಂಡು ಹಾರಲು ಹೋಗಿ ಕೊರಳಿಗೆ ಬಿಗಿದುಕೊಂಡು ಸಾಯುವ ನಾಯಿಗಳಿವೆ. ಕೊರಳಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ನಿಮ್ಮ ಫೋನ್ ನಂಬರು ಬರೆದಿರಲಿ. ನಾಯಿಯ ಹೆಸರಿಗಿಂತ ನಂಬರು ಮುಖ್ಯ. ಪಶುವೈದ್ಯರಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೊಚಿಪ್ಪನ್ನು ಚರ್ಮದಡಿ ಹಾಕಿಸಿದರೆ ಪಟ್ಟಿ ಕಳಚಿದರೂ ಗುರುತು ಉಳಿಯುತ್ತದೆ. ತಪ್ಪಿಸಿಕೊಂಡರೆ ಮೊದಲು ಮನೆಯ ಸುತ್ತಲಿನ ಚರಂಡಿ, ನಿಂತ ವಾಹನಗಳ ಅಡಿ, ಖಾಲಿ ನಿವೇಶನದ ಪೊದೆ ಹುಡುಕಿ. ಬೆಳಗಿನ ಜಾವ ಸದ್ದಿಲ್ಲದ ಹೊತ್ತಿನಲ್ಲಿ ಮತ್ತೆ ಹೋಗಿ, ಕೂಗಿಕೊಂಡು ಅಟ್ಟಿಸಿಕೊಂಡು ಹೋಗಬೇಡಿ. ಅದರ ಹಾಸಿಗೆಯನ್ನು ಗೇಟಿನ ಹೊರಗಿಟ್ಟಿರಿ.

ಬೀದಿನಾಯಿಗೆ ಕೋಣೆಯಿಲ್ಲ, ರೇಡಿಯೊ ಇಲ್ಲ. ಮಳೆಗಾಲ ಮುಗಿದ ಈ ತಿಂಗಳುಗಳಲ್ಲಿ ಮರಿ ಹಾಕಿದ ತಾಯಿನಾಯಿಗಳು ಬೇರೆ ಹೆಚ್ಚು. ಆ ಮೂರು ರಾತ್ರಿ ನಿಮ್ಮ ಕಟ್ಟಡದ ನೆಲಮಾಳಿಗೆಗೋ ಮೆಟ್ಟಿಲ ಕೆಳಗೋ ಒಂದು ನಾಯಿ ನುಸುಳಿದರೆ ಓಡಿಸಬೇಡಿ. ಎರಡು ಗೋಣಿತಾಟು ಹಾಸಿ, ಒಂದು ಬೋಗುಣಿ ನೀರಿಡಿ. ಅಪಾರ್ಟ್‌ಮೆಂಟಿನ ವಾಚ್‌ಮನ್ನಿಗೆ, ಸಂಘದವರಿಗೆ ಮೊದಲೇ ಹೇಳಿಟ್ಟರೆ ಆ ಹೊತ್ತಿಗೆ ಜಗಳವಿರುವುದಿಲ್ಲ. ಬೆಳಿಗ್ಗೆ ಕಾರು ತೆಗೆಯುವ ಮೊದಲು ಬಗ್ಗಿ ಅಡಿಯಲ್ಲಿ ನೋಡಿ. ದಿನಾ ಅನ್ನ ಹಾಕುವವರು ಆ ದಿನಗಳಲ್ಲಿ ನಾಲ್ಕೂವರೆ ಐದಕ್ಕೇ ಹಾಕಿಬಿಡಿ, ಪಟಾಕಿ ಹಚ್ಚುವ ಬೀದಿಯಿಂದ ದೂರ ಹಾಕಿ. ನೇಪಾಳದಲ್ಲಿ, ನಮ್ಮ ಸಿಕ್ಕಿಂ, ಡಾರ್ಜಿಲಿಂಗಿನ ಗೂರ್ಖಾ ಮನೆಗಳಲ್ಲಿ, ನಾವು ನರಕ ಚತುರ್ದಶಿ ಆಚರಿಸುವ ಅದೇ ತಿಥಿಯಲ್ಲಿ ಕುಕುರ್ ತಿಹಾರ್ ಎಂಬ ಹಬ್ಬವಿದೆ. ಸಾಕಿದ್ದು, ಬೀದಿಯದ್ದು ಎಂಬ ಭೇದವಿಲ್ಲದೆ ನಾಯಿಗಳ ಹಣೆಗೆ ತಿಲಕವಿಟ್ಟು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ ಊಟ ಬಡಿಸುತ್ತಾರೆ. ಅದೇ ದಿನ ಇಲ್ಲಿ ನಾಯಿಯ ಬಾಲಕ್ಕೆ ಪಟಾಕಿ ಸರ ಕಟ್ಟುವ ಹುಡುಗರನ್ನು ನಾವು ನೋಡುತ್ತೇವೆ. ಸುಟ್ಟ ಚರ್ಮಕ್ಕೆ ಔಷಧ ಹಚ್ಚಿರುವ ನನಗೆ ಇದನ್ನು ಮಕ್ಕಳಾಟ ಎಂದು ಬಿಡಲಾಗುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಇದು ಅಪರಾಧ. ಅದರ ದಂಡ ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ ಎಂಬುದು ನಾಚಿಕೆಗೇಡು. ಪ್ರಾಣಿ ಸತ್ತರೆ ಅಥವಾ ಅಂಗವಿಕಲವಾದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಂತೆ ಐದು ವರ್ಷದವರೆಗೆ ಸೆರೆವಾಸವಿದೆ. ಆ ಹುಡುಗರ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿ.

ಪಟಾಕಿ ಹಚ್ಚುವವರಲ್ಲಿ ನನ್ನದೊಂದು ವಿನಂತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿನ ಪಟಾಕಿ ಕೂಡದೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. 2018ರ ತೀರ್ಪಿನಲ್ಲಿ ದೀಪಾವಳಿಗೆ ದಿನಕ್ಕೆ ಎರಡೇ ಗಂಟೆ, ರಾತ್ರಿ ಎಂಟರಿಂದ ಹತ್ತು ಎಂದು ನಿಗದಿಮಾಡಿತು, ಸರ ಪಟಾಕಿಯನ್ನು ನಿಷೇಧಿಸಿತು. ಈ ಎರಡು ಗಂಟೆಯ ಗಡಿ ನಾಯಿಗೆ ಎಷ್ಟು ದೊಡ್ಡ ಉಪಕಾರ ಎಂದು ಹಚ್ಚುವವರಿಗೆ ಅಂದಾಜಿಲ್ಲ. ಸಮಯ ಗೊತ್ತಿದ್ದರೆ ಮಾತ್ರೆಯ ಹೊತ್ತು, ಊಟದ ಹೊತ್ತು, ಜೊತೆ ಕೂರುವ ಹೊತ್ತು ಎಲ್ಲವನ್ನೂ ಹೊಂದಿಸಬಹುದು. ಹನ್ನೊಂದೂವರೆಗೆ ಸಿಡಿಯುವ ಒಂದೇ ಒಂದು ಆಟಂ ಬಾಂಬ್ ಅಷ್ಟನ್ನೂ ಕೆಡಿಸುತ್ತದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ಹಸಿರು ಪಟಾಕಿ ತಂದಿದ್ದೇವೆ, ತೊಂದರೆಯಿಲ್ಲ ಎನ್ನುವವರಿದ್ದಾರೆ. ಹೊಗೆ, ದೂಳು ಸುಮಾರು ಶೇಕಡ 30ರಷ್ಟು ಕಡಿಮೆ, ಅದು ಒಳ್ಳೆಯದೇ. ಆದರೆ ಅದೂ ಸಿಡಿಯುತ್ತದೆ, ನಾಯಿಯ ಕಿವಿಗೆ ಅದೂ ಪಟಾಕಿಯೇ. ಹೂಕುಂಡ, ನೆಲಚಕ್ರ, ಸುರುಸುರು ಬತ್ತಿಯಲ್ಲಿ ಮಕ್ಕಳ ಸಂಭ್ರಮಕ್ಕೆ ಕೊರತೆಯಾಗುವುದಿಲ್ಲ. ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಕೊಲ್ಲುಕುಡಿಪಟ್ಟಿಯಲ್ಲಿ, ವೆಟ್ಟಂಗುಡಿ ಪಕ್ಷಿಧಾಮಕ್ಕೆ ಬರುವ ಹಕ್ಕಿಗಳು ಬೆದರಬಾರದೆಂದು ಊರವರೇ ದಶಕಗಳಿಂದ ದೀಪಾವಳಿಗೆ ಪಟಾಕಿ ಹಚ್ಚುತ್ತಿಲ್ಲ. ಇಡೀ ಊರೇ ಬಿಟ್ಟ ಉದಾಹರಣೆ ಎದುರಿಗಿರುವಾಗ, ನಮ್ಮ ಬಡಾವಣೆಯಲ್ಲಿ ಎಲ್ಲರೂ ಒಂದೇ ಮೈದಾನದಲ್ಲಿ, ಒಂದೇ ಹೊತ್ತಿನಲ್ಲಿ ಹಚ್ಚೋಣ ಎಂದು ಒಪ್ಪಿಕೊಳ್ಳುವುದು ಕಷ್ಟವಲ್ಲ. ಈ ಭಾನುವಾರವೇ ನೆರೆಯವರನ್ನು ಕರೆದು ಮಾತಾಡಿ.

ಇಷ್ಟಾಗಿಯೂ ನಾಯಿಗೆ ಪಟಾಕಿ ತಗುಲಿದರೆ, ಸುಟ್ಟ ಗಾಯಕ್ಕೆ ಅರಿಶಿನ, ಟೂತ್‌ಪೇಸ್ಟು, ಮಂಜುಗಡ್ಡೆ ಯಾವುದೂ ಬೇಡ. ಹದಿನೈದು ಇಪ್ಪತ್ತು ನಿಮಿಷ ತಣ್ಣನೆಯ ನೀರು ಹರಿಸಿ, ಶುದ್ಧವಾದ ಒದ್ದೆ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆತನ್ನಿ. ಸಿಡಿಯದ ಪಟಾಕಿಯನ್ನು ನಾಯಿ ಜಗಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಳಿದ ಚೂರನ್ನೂ ಅದರ ಡಬ್ಬಿಯನ್ನೂ ತೆಗೆದುಕೊಂಡು ನೇರ ಬನ್ನಿ. ಪಟಾಕಿಯ ಮದ್ದಿನಲ್ಲಿ ನೈಟ್ರೇಟ್, ಗಂಧಕ, ಲೋಹದ ಪುಡಿಗಳಿರುತ್ತವೆ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ ಕರೆಮಾಡುವ ಸಂಖ್ಯೆ 1962. ಉರಿದ ಸುರುಸುರು ಬತ್ತಿಯ ಕಂಬಿಗಳನ್ನು ಆಗಾಗಲೇ ನೀರಿನ ಬಕೆಟ್ಟಿಗೆ ಹಾಕಿ, ಬೆಳಿಗ್ಗೆ ನಾಯಿಯನ್ನು ಬಿಡುವ ಮೊದಲು ಅಂಗಳವನ್ನೂ ಬೀದಿಯನ್ನೂ ಗುಡಿಸಿ.

ಬಲಿಪಾಡ್ಯಮಿ ಮುಗಿದೊಡನೆ ಏರ್ಪಾಟುಗಳನ್ನೆಲ್ಲ ಎತ್ತಿಡಬೇಡಿ. ಉತ್ಥಾನ ದ್ವಾದಶಿಯ ತುಳಸಿ ಹಬ್ಬಕ್ಕೆ ಉಳಿದ ಪಟಾಕಿಯನ್ನೆಲ್ಲ ಹಚ್ಚುತ್ತಾರೆ, ಆ ಸಂಜೆಗೂ ಕೋಣೆ ಹಾಗೇ ಇರಲಿ. ನಡುವಿನ ದಿನಗಳಲ್ಲಿ ಸದ್ದಿಲ್ಲದ ದಾರಿಯಲ್ಲಿ ಉದ್ದದ ನಡಿಗೆ, ಬೇಕಾದಷ್ಟು ನಿದ್ದೆ ಸಿಗಲಿ. ಯಾವ ಸದ್ದಿಗೆ ಏನು ಮಾಡಿತು, ಎಷ್ಟು ಹೊತ್ತಿಗೆ ಸುಧಾರಿಸಿಕೊಂಡಿತು, ಯಾವ ಉಪಾಯ ಫಲಿಸಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನಿಮ್ಮ ಪಶುವೈದ್ಯರಿಗೆ ತೋರಿಸಿ. ತುಳಸಿ ಹಬ್ಬದ ಮರುವಾರದಿಂದ, ಸದ್ದನ್ನು ತೀರಾ ಸಣ್ಣದಾಗಿಟ್ಟು, ಆ ಐದು ನಿಮಿಷದ ತಾಲೀಮನ್ನು ಮತ್ತೆ ಶುರುಮಾಡಿ. ಮುಂದಿನ ದೀಪಾವಳಿಗೆ ಆಗ ಇಪ್ಪತ್ತು ದಿನದ ಬದಲು ಹನ್ನೊಂದು ತಿಂಗಳು ಸಿಕ್ಕಿರುತ್ತದೆ.